ಕೋಚ್ ಮುಖದಲ್ಲಿ ಏನು ಕಾಣಬೇಕು? ಭಾವನೆ ಮುಚ್ಚಿಡುವವರು, ಬಿಚ್ಚಿಡುವವರು, ಆರಿಸಿ ತೋರಿಸುವವರು: ಒಂದು ಹೋಲಿಕೆ

2014ರ ಮೇ 25, ವಾಂಖೆಡೆ ಮೈದಾನ. ಮುಂಬೈ ಇಂಡಿಯನ್ಸ್‌ನ ಆದಿತ್ಯ ತಾರೆ ಒಂದು ಸಿಕ್ಸರ್ ಹೊಡೆದರು, ರಾಜಸ್ಥಾನ ರಾಯಲ್ಸ್ ಪ್ಲೇಆಫ್‌ನಿಂದ ಹೊರಬಿತ್ತು. ಆ ತಂಡದ ಮೆಂಟರ್ ಆಗಿದ್ದ ರಾಹುಲ್ ದ್ರಾವಿಡ್ ಟೋಪಿ ಕಿತ್ತು ನೆಲಕ್ಕೆ ಬಿಸಾಡಿದರು. ಹತ್ತು ವರ್ಷ ಕಳೆದು, 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು. ವಿರಾಟ್ ಕೊಹ್ಲಿ ಕಪ್ ತಂದು ಕೋಚ್ ಕೈಗಿಟ್ಟರು. ದ್ರಾವಿಡ್ ಅದನ್ನು ಮೇಲೆತ್ತಿ ಗಂಟಲು ಹರಿಯುವ ಹಾಗೆ ಕೂಗಿದರು.

ಕ್ರಿಕೆಟ್ ನೋಡುವ ಕನ್ನಡಿಗರಿಗೆ ಈ ಎರಡೂ ದೃಶ್ಯ ನೆನಪಿವೆ. ಅವರು ಹಾಗೆ ಮಾಡುವುದು ಅಪರೂಪ, ಅದಕ್ಕೇ ನೆನಪಿವೆ. ಪ್ರತಿ ಪಂದ್ಯಕ್ಕೂ ಟೋಪಿ ಎಸೆಯುವ ಕೋಚ್ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಅಲ್ವಾ?

ಕೋಚ್ ಆದವರು ಭಾವನೆ ತೋರಿಸಬೇಕಾ ಬೇಡವಾ ಎಂಬ ಪ್ರಶ್ನೆ ಟಿವಿ ಮುಂದೆ ಮಾತ್ರ ಬರುವುದಲ್ಲ. ಹೊಸದಾಗಿ ಮಕ್ಕಳಿಗೆ ಆಟ ಹೇಳಿಕೊಡಲು ಹೊರಟ ಪ್ರತಿಯೊಬ್ಬರೂ ಇದನ್ನು ಕೇಳುತ್ತಾರೆ. ಮಗಳನ್ನು ಯಾವ ಅಕಾಡೆಮಿಗೆ ಸೇರಿಸೋದು ಅಂತ ಓಡಾಡುವ ಅಪ್ಪ ಅಮ್ಮನೂ ಕೇಳುತ್ತಾರೆ. ‘ಆ ಸರ್ ತುಂಬಾ ಬೈತಾರಂತೆ’, ‘ಈ ಸರ್ ಏನೂ ಹೇಳೋದೇ ಇಲ್ಲವಂತೆ’. ಎರಡರಲ್ಲಿ ಯಾವುದು ವಾಸಿ? ನಾನು ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ವಾಲಿಬಾಲ್ ಹೇಳಿಕೊಡುತ್ತೇನೆ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಮೈದಾನ ಸುತ್ತುವಾಗ ಎಲ್ಲ ಥರದ ಕೋಚ್‌ಗಳನ್ನೂ ಹತ್ತಿರದಿಂದ ನೋಡಲು ಸಿಗುತ್ತಾರೆ. ಹಾಗಾಗಿ ನನಗೆ ಇದರಲ್ಲಿ ಗಟ್ಟಿ ಅಭಿಪ್ರಾಯ ಇದೆ. ಅದನ್ನು ಮುಚ್ಚಿಡುವುದಿಲ್ಲ.

ಮುಚ್ಚಿಡುವವರು

ಫುಟ್‌ಬಾಲ್ ನೋಡುವವರಿಗೆ ಕಾರ್ಲೊ ಆಂಚೆಲೊಟ್ಟಿ ಗೊತ್ತು. ಮೈದಾನದ ಅಂಚಿನಲ್ಲಿ ಚೂಯಿಂಗ್ ಗಮ್ ಅಗಿಯುತ್ತಾ ನಿಂತಿರುತ್ತಾರೆ. ತಂಡ ಸೋಲುವ ಹಂತದಲ್ಲಿದ್ದರೂ ಎಡ ಹುಬ್ಬು ಸ್ವಲ್ಪ ಮೇಲೇರುತ್ತದೆ, ಅಷ್ಟೇ. ಮಿಲಾನ್ ಮತ್ತು ರಿಯಲ್ ಮ್ಯಾಡ್ರಿಡ್ ಜೊತೆ ಸೇರಿ ಕೋಚ್ ಆಗಿ 5 ಸಲ ಚಾಂಪಿಯನ್ಸ್ ಲೀಗ್ ಗೆದ್ದಿದ್ದಾರೆ. ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್, ಐದೂ ದೇಶಗಳ ಲೀಗ್ ಗೆದ್ದ ಕೋಚ್ ಅವರು. ಕೂಗಾಡದಿದ್ದರೆ ಆಟಗಾರರು ಸಡಿಲ ಬೀಳುತ್ತಾರೆ ಎನ್ನುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

ನನಗೆ ಅವರಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ತಂಡವನ್ನು 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ಸಲ ರಾಷ್ಟ್ರೀಯ ಚಾಂಪಿಯನ್ ಮಾಡಿದವರು. ಅವರ ಕೊನೆಯ ಸೀಸನ್‌ನಲ್ಲಿ ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಾಕ್ಟೀಸ್ ನಡೆಯುವಾಗ ಬದಿಯಲ್ಲಿ ಕೂತು, ವುಡನ್ ಬಾಯಿಂದ ಬಂದದ್ದನ್ನೆಲ್ಲಾ ಗುರುತು ಹಾಕಿಕೊಂಡರು. ಒಟ್ಟು 2,326 ಗುರುತು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಬರೀ ಪಾಠ: ಕಾಲು ಎಲ್ಲಿಡಬೇಕು, ಪಾಸ್ ಯಾವಾಗ ಕೊಡಬೇಕು, ಹೇಗೆ ತಿರುಗಬೇಕು. ಶಾಬಾಸ್ ಹೇಳಿದ್ದೂ ಕಡಿಮೆ, ಬೈದದ್ದೂ ಕಡಿಮೆ.

ತಪ್ಪು ಮಾಡಿದ ಹುಡುಗನನ್ನು ಅವರು ತಿದ್ದುತ್ತಿದ್ದ ರೀತಿ ನೋಡಿ. ಆಟ ನಿಲ್ಲಿಸಿ, ಸರಿಯಾಗಿ ಹೇಗೆ ಮಾಡಬೇಕೆಂದು ತಾವೇ ಮಾಡಿ ತೋರಿಸುತ್ತಿದ್ದರು. ಆಮೇಲೆ ಅವನು ಮಾಡಿದ್ದು ಹೇಗಿತ್ತು ಅಂತ ತೋರಿಸುತ್ತಿದ್ದರು. ಮತ್ತೆ ಸರಿಯಾದದ್ದು. ಎಲ್ಲಾ ಸೇರಿ ಕೆಲವೇ ಸೆಕೆಂಡು. ನಾನು ಇದನ್ನು ವಾಲಿಬಾಲ್ ಪಾಸಿಂಗ್‌ಗೆ ಬಳಸುತ್ತೇನೆ. ಮೊಣಕಾಲು ಬಗ್ಗಿಸಿ ಕೈ ಚಾಚಿ ನಿಲ್ಲುವುದು, ಆಮೇಲೆ ತಪ್ಪಿದ ಹುಡುಗಿ ಮಾಡಿದ ಹಾಗೆ ಮೊಣಕೈ ಮಡಚಿ ಬಾಲನ್ನು ಹೊಡೆಯುವುದು, ಮತ್ತೆ ಸರಿಯಾದ ಭಂಗಿ. ಹುಡುಗಿಗೆ ಅವಮಾನ ಆಗುವುದಿಲ್ಲ, ಗುಂಪು ನಗುವುದಿಲ್ಲ, ತಪ್ಪು ಮಾತ್ರ ಕಣ್ಣಿಗೆ ಕಾಣುತ್ತದೆ. ಸಿಟ್ಟು ಬರುವ ಜಾಗಕ್ಕೆ ಪಾಠ ಬಂದು ಕೂರುತ್ತದೆ.

ಈ ದಾರಿಗೆ ಒಂದು ಕೊರತೆ ಇದೆ, ಅದು ಸಣ್ಣದೇನಲ್ಲ. ಮಕ್ಕಳು ಖಾಲಿ ಮುಖವನ್ನು ಖಾಲಿ ಬಿಡುವುದಿಲ್ಲ, ತಾವೇ ಏನೋ ತುಂಬಿಸಿಕೊಳ್ಳುತ್ತಾರೆ. ‘ಸರ್‌ಗೆ ನಾವು ಗೆದ್ರೂ ಅಷ್ಟೇ, ಸೋತ್ರೂ ಅಷ್ಟೇ’ ಎನ್ನುವ ಮಾತು ನಾನು ಬೇರೆ ಶಾಲೆಯ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಆ ಮೇಷ್ಟ್ರು ಬೆಳಗ್ಗೆ 6 ಗಂಟೆಗೇ ಬಂದು ನೆಟ್ ಕಟ್ಟುವವರು. ಮಕ್ಕಳ ಮೇಲೆ ಅವರಿಗಿರುವ ಕಾಳಜಿ ನನಗೆ ಗೊತ್ತು. ಮಕ್ಕಳಿಗೆ ಗೊತ್ತಿಲ್ಲ. ಆಂಚೆಲೊಟ್ಟಿಯ ಆಟಗಾರರು ದೊಡ್ಡವರು, ಸಂಬಳ ತಗೊಳ್ಳುವವರು, ಮೌನವನ್ನು ನಂಬಿಕೆ ಅಂತ ಓದಬಲ್ಲವರು. 13 ವರ್ಷದ ಹುಡುಗ ಅದನ್ನೇ ತಾತ್ಸಾರ ಅಂತ ಓದುತ್ತಾನೆ.

ಬಿಚ್ಚಿಡುವವರು

ಇವರಲ್ಲಿ ಎರಡು ಪಂಗಡ. ಎರಡನ್ನೂ ಒಂದೇ ಚೀಲಕ್ಕೆ ತುಂಬುವುದರಿಂದಲೇ ಚರ್ಚೆ ದಾರಿ ತಪ್ಪುವುದು.

ಮೊದಲನೆಯವರು ಎಲ್ಲವನ್ನೂ ಹೊರಗೆ ಹಾಕುವವರು, ಆದರೆ ಅವರಲ್ಲಿ ಖುಷಿಯೂ ಅಷ್ಟೇ ಜೋರು. ಯೂರ್ಗೆನ್ ಕ್ಲಾಪ್ ಇದ್ದಾರಲ್ಲ, ಲಿವರ್‌ಪೂಲ್ ಫುಟ್‌ಬಾಲ್ ತಂಡದ ಹಿಂದಿನ ಕೋಚ್. 2018ರ ಡಿಸೆಂಬರ್‌ನಲ್ಲಿ ಎವರ್ಟನ್ ವಿರುದ್ಧ 96ನೇ ನಿಮಿಷದಲ್ಲಿ ಒರಿಗಿ ಗೋಲ್ ಹೊಡೆದಾಗ ಮೈದಾನದೊಳಗೇ ಓಡಿ ಹೋಗಿ ಗೋಲ್‌ಕೀಪರ್ ಆಲಿಸನ್‌ರನ್ನು ತಬ್ಬಿಕೊಂಡರು. ಅದಕ್ಕೆ 8,000 ಪೌಂಡ್ ದಂಡ ಬಿತ್ತು. 2023ರಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಕೊನೆಯ ಗಳಿಗೆಯ ಗೋಲ್ ಬಂದಾಗ ನಾಲ್ಕನೇ ರೆಫರಿಯ ಕಡೆ ಕೂಗುತ್ತಾ ಓಡಿದರು, ಅಲ್ಲೇ ತೊಡೆಯ ಸ್ನಾಯು ಎಳೆದುಕೊಂಡಿತು. ಪಂದ್ಯ ಮುಗಿದ ಮೇಲೆ ರೆಫರಿ ಬಗ್ಗೆ ಆಡಿದ ಮಾತಿಗೆ ನಿಷೇಧವೂ ಬಂತು, 75,000 ಪೌಂಡ್ ದಂಡವೂ ಬಂತು. ಆದರೂ ಅವರ ಆಟಗಾರರು ಅವರಿಗಾಗಿ ಪ್ರಾಣ ಬಿಟ್ಟು ಓಡಿದರು. ತಬ್ಬಿಕೊಳ್ಳುವ ಕೈಯೂ ಅದೇ, ಬೈಯುವ ಬಾಯಿಯೂ ಅದೇ ಅಂತ ಅವರಿಗೆ ಗೊತ್ತಿತ್ತು.

ಎರಡನೆಯವರಿಗೆ ಸಿಟ್ಟು ಒಂದೇ ಭಾಷೆ. ಇಂಡಿಯಾನಾ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್ ಬಾಬ್ ನೈಟ್ 1985ರ ಫೆಬ್ರವರಿ 23ರಂದು ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ ಪ್ಲಾಸ್ಟಿಕ್ ಕುರ್ಚಿಯನ್ನೇ ಅಂಗಳಕ್ಕೆ ಎಸೆದವರು. ಅವರು ಗೆದ್ದಿಲ್ಲವೇ? ಗೆದ್ದಿದ್ದಾರೆ, 1976, 1981, 1987ರಲ್ಲಿ ರಾಷ್ಟ್ರೀಯ ಪ್ರಶಸ್ತಿ. 1976ರ ತಂಡ ಆಡಿದ 32 ಪಂದ್ಯವನ್ನೂ ಗೆದ್ದಿತ್ತು. ‘ನೋಡಿ, ಬೈದರೇ ಗೆಲ್ಲೋದು’ ಎನ್ನುವವರು ಇಲ್ಲಿಗೇ ನಿಲ್ಲಿಸುತ್ತಾರೆ. 2000ನೇ ಇಸವಿಯಲ್ಲಿ ಅದೇ ವಿಶ್ವವಿದ್ಯಾಲಯ ಅವರ ನಡವಳಿಕೆಯ ಕಾರಣಕ್ಕೇ ಅವರನ್ನು ತೆಗೆದುಹಾಕಿತು ಎನ್ನುವ ಭಾಗ ಹೇಳುವುದಿಲ್ಲ.

ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಕೋಚ್ ಆಗಿದ್ದ ಅಲೆಕ್ಸ್ ಫರ್ಗೂಸನ್ ಕೂಡ ಸಿಟ್ಟಿಗೆ ಹೆಸರಾದವರು. 2003ರ ಫೆಬ್ರವರಿಯಲ್ಲಿ ಆರ್ಸೆನಲ್‌ಗೆ ಸೋತ ದಿನ ಡ್ರೆಸಿಂಗ್ ರೂಮಿನಲ್ಲಿ ಅವರು ಒದ್ದ ಬೂಟು ಹಾರಿ ಡೇವಿಡ್ ಬೆಕಮ್ ಹುಬ್ಬಿಗೆ ಬಡಿಯಿತು. ಗಾಯದ ಫೋಟೊ ಎಲ್ಲಾ ಪತ್ರಿಕೆಗಳಲ್ಲಿ ಬಂತು. ಅದೇ ಬೇಸಿಗೆಯಲ್ಲಿ ಬೆಕಮ್ ರಿಯಲ್ ಮ್ಯಾಡ್ರಿಡ್‌ಗೆ ಹೋದರು.

ಸಿಟ್ಟಿನಿಂದ ಉಪಯೋಗವೇ ಇಲ್ಲವಾ? ಇದೆ, ಅದನ್ನು ಹೇಳದಿದ್ದರೆ ಹೋಲಿಕೆ ಸುಳ್ಳಾಗುತ್ತದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕ ಬ್ಯಾರಿ ಸ್ಟಾ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ 23 ಹೈಸ್ಕೂಲ್, ಕಾಲೇಜು ಬಾಸ್ಕೆಟ್‌ಬಾಲ್ ತಂಡಗಳಲ್ಲಿ ಕೋಚ್‌ಗಳು ಅರ್ಧ ಆಟದ ವಿರಾಮದಲ್ಲಿ ಮಾಡಿದ 304 ಭಾಷಣಗಳನ್ನು ರೆಕಾರ್ಡ್ ಮಾಡಿ ನೋಡಿದರು. 2019ರಲ್ಲಿ ಪ್ರಕಟವಾದ ಅಧ್ಯಯನ. ಕೋಚ್ ವಿರಾಮದಲ್ಲಿ ಅಸಮಾಧಾನ, ಸಿಟ್ಟು ತೋರಿಸಿದಾಗ ದ್ವಿತೀಯಾರ್ಧದಲ್ಲಿ ತಂಡ ಚೆನ್ನಾಗಿ ಆಡಿತು. ಮುಂದೆ ಆಗಿದ್ದನ್ನೂ ಓದಬೇಕು: ಸಿಟ್ಟು ಒಂದು ಮಟ್ಟ ದಾಟಿ ರೌದ್ರಕ್ಕೆ ತಿರುಗಿದಾಗ ಆಟ ಕೆಟ್ಟಿತು. ಇನ್ನೊಂದು ಮಾತು ನನ್ನದು. ಈ ಅಧ್ಯಯನ ಅಳೆದದ್ದು ಆ ದಿನದ ಉಳಿದರ್ಧ ಆಟವನ್ನು. ಆ ಹುಡುಗ ಮುಂದಿನ ವರ್ಷವೂ ಬೂಟು ಕಟ್ಟಿದನಾ ಎಂಬುದನ್ನಲ್ಲ. ಶಾಲಾ ಕೋಚ್‌ಗೆ ಎರಡನೆಯದೇ ಮುಖ್ಯ.

ದೇಶೀ ಉದಾಹರಣೆ ಬೇಕೆಂದರೆ ಕಬಡ್ಡಿ ಇದೆ. ಪ್ರೊ ಕಬಡ್ಡಿಯಲ್ಲಿ ಟೈಮ್‌ಔಟ್ ಹೊತ್ತಿಗೆ ಕೋಚ್ ಆಡುವ ಮಾತು ಮೈಕಿನಲ್ಲಿ ಮನೆಮನೆಗೂ ಕೇಳುತ್ತದೆ. ಬೆಂಗಳೂರು ಬುಲ್ಸ್ ತಂಡಕ್ಕೆ ಬಹಳ ಕಾಲ ಕೋಚ್ ಆಗಿದ್ದ ರಣಧೀರ್ ಸಿಂಗ್ ಅವರ ಖಾರದ ಮಾತು ನಮ್ಮೂರ ಕಬಡ್ಡಿ ಹುಡುಗರಿಗೆ ಚೆನ್ನಾಗಿ ಗೊತ್ತು. 2019ರ ಜನವರಿಯಲ್ಲಿ ಆ ತಂಡ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಪ್ರಶಸ್ತಿಯನ್ನೂ ಗೆದ್ದಿತು. ಪವನ್ ಶೆರಾವತ್ ಒಬ್ಬರೇ 22 ಅಂಕ ತಂದರು. ಮೈಮೇಲೆ ಬಿದ್ದು ಹಿಡಿಯುವ ಆಟ ಅದು, ಅಲ್ಲಿ ಖಾರ ಒಪ್ಪುತ್ತದೆ. ತೊಂದರೆ ಏನೆಂದರೆ, ಟಿವಿಯಲ್ಲಿ ನೋಡಿದ್ದನ್ನು ಏಳನೇ ಕ್ಲಾಸ್ ಮಕ್ಕಳ ಮೇಲೆ ಪ್ರಯೋಗ ಮಾಡುವವರು ನಮ್ಮ ಮೈದಾನಗಳಲ್ಲಿ ಬಹಳ ಜನ ಇದ್ದಾರೆ.

ಆರಿಸಿ ತೋರಿಸುವವರು

ಒಳಗೆ ಎಷ್ಟೇ ಕುದಿಯುತ್ತಿರಲಿ, ಆಟಗಾರನಿಗೆ ಈಗ ಏನು ಬೇಕೋ ಅಷ್ಟನ್ನೇ ಹೊರಗೆ ಬಿಡುವವರು ಇವರು. ಕೇಳಲು ಸುಲಭ, ಮಾಡಲು ಕಷ್ಟ.

ಬ್ಯಾಡ್ಮಿಂಟನ್ ಕೋಚ್ ಪುಲ್ಲೇಲ ಗೋಪಿಚಂದ್ ಇದಕ್ಕೆ ಒಳ್ಳೆಯ ಉದಾಹರಣೆ. ಪಿ.ವಿ. ಸಿಂಧು ಸ್ವಭಾವದಲ್ಲಿ ಮೆತ್ತಗಿನ ಹುಡುಗಿ, ಅಂಗಳದಲ್ಲಿ ದನಿ ಎತ್ತುತ್ತಿರಲಿಲ್ಲ. 2016ರ ರಿಯೊ ಒಲಿಂಪಿಕ್ಸ್‌ಗೆ ಮೊದಲು ಗೋಪಿಚಂದ್ ಆಕೆಯನ್ನು ಅಕಾಡೆಮಿಯ ಅಂಗಳದ ನಡುವೆ ನಿಲ್ಲಿಸಿ, ಎಲ್ಲರ ಎದುರು ಜೋರಾಗಿ ಕೂಗು ಅಂದರು. ಕೂಗುವ ತನಕ ರಾಕೆಟ್ ಮುಟ್ಟುವ ಹಾಗಿಲ್ಲ ಅಂದರು. ಆಕೆ ಅತ್ತರು, ಕೊನೆಗೆ ಕೂಗಿದರು. ರಿಯೊದಲ್ಲಿ ಬೆಳ್ಳಿ ಬಂತು. ಒಲಿಂಪಿಕ್ಸ್ ಮುಗಿಯುವ ತನಕ ಆಕೆಯ ಮೊಬೈಲ್ ಕೂಡ ಗೋಪಿ ಹತ್ತಿರವೇ ಇತ್ತು. ಪದಕ ಬಂದ ಮೇಲೆ ಫೋನೂ ವಾಪಸ್, ಬೇಡ ಎಂದಿದ್ದ ಐಸ್‌ಕ್ರೀಮೂ ಬಂತು. ಅವರ ಗಟ್ಟಿತನಕ್ಕೆ ಒಂದು ಉದ್ದೇಶ ಇತ್ತು, ಒಂದು ಅವಧಿ ಇತ್ತು. ಕೆಲಸ ಆದ ಮೇಲೆ ಅದು ಸಡಿಲವಾಯಿತು.

ಇದೇ ಕೆಲಸವನ್ನು ಎಲ್ಲರೂ ಮಾಡಬಹುದು ಅಂತ ನಾನು ಹೇಳುವುದಿಲ್ಲ. ರಿಯೊ ಹೊತ್ತಿಗೆ ಸಿಂಧುಗೆ 21 ವರ್ಷ. ಚಿಕ್ಕಂದಿನಿಂದ ಅವರ ಕೈಯಲ್ಲೇ ಬೆಳೆದವರು. ನಂಬಿಕೆ ಮೊದಲೇ ಕಟ್ಟಿಯಾಗಿತ್ತು. ನಿನ್ನೆ ಸೇರಿದ ಮಗುವನ್ನು ಹತ್ತು ಜನರ ನಡುವೆ ನಿಲ್ಲಿಸಿ ಕೂಗಿಸಿದರೆ ಅದು ನಾಳೆಯಿಂದ ಬರುವುದಿಲ್ಲ.

ಈ ದಾರಿಯ ಅಪಾಯ ನಾಟಕ. ‘ಇವತ್ತು ಸ್ವಲ್ಪ ಸಿಟ್ಟು ತೋರಿಸೋಣ’ ಅಂತ ಲೆಕ್ಕ ಹಾಕಿ ಬರುವ ಕೋಚ್‌ನನ್ನು ಮಕ್ಕಳು ಬೇಗ ಕಂಡುಹಿಡಿಯುತ್ತಾರೆ. ಇಲ್ಲದ ಭಾವನೆಯನ್ನು ತೋರಿಸಬಾರದು. ಇರುವುದರಲ್ಲಿ ಯಾವುದನ್ನು, ಯಾವಾಗ, ಎಷ್ಟು ಬಿಡಬೇಕು ಎಂಬುದಷ್ಟೇ ಇಲ್ಲಿ ಆಯ್ಕೆ. ಮೂರು ದಾರಿಗಳಲ್ಲಿ ನನ್ನ ಓಟು ಇದಕ್ಕೇ.

ಭಾವನೆ ಅಂದರೆ ಸಿಟ್ಟು ಮಾತ್ರ ಅಲ್ಲ

ಖುಷಿಯ ವಿಷಯದಲ್ಲಿ ಚರ್ಚೆಯೇ ಬೇಡ, ತೋರಿಸಿ. ಅದರಲ್ಲೂ ಪಾಯಿಂಟ್ ಬಂದದ್ದಕ್ಕಿಂತ ಪ್ರಯತ್ನ ಕಂಡಾಗ. ಸಿಗುವುದೇ ಇಲ್ಲ ಅನ್ನಿಸಿದ ಬಾಲಿಗೆ ಹುಡುಗಿ ನೆಲಕ್ಕೆ ಬಿದ್ದು ಕೈ ಚಾಚಿದರೆ, ಬಾಲು ಸಿಗದಿದ್ದರೂ ಬೆಂಚಿನಿಂದ ಎದ್ದು ಚಪ್ಪಾಳೆ ತಟ್ಟಿ. ಮುಂದಿನ ಸಲ ಬೇರೆಯವರೂ ಬೀಳಲು ಹೆದರುವುದಿಲ್ಲ. ಎದುರಾಳಿ ತಪ್ಪಿದಾಗ ಕುಣಿಯುವ ಖುಷಿ ಮಾತ್ರ ಬೇಡ.

ಭಯ ಹಾಗಲ್ಲ. ಇದನ್ನು ಮುಚ್ಚಿಡಲೇಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ. ವಾಲಿಬಾಲ್‌ನಲ್ಲಿ 23-23 ಆಗಿದೆ ಅಂದುಕೊಳ್ಳಿ. ಒಂಬತ್ತನೇ ಕ್ಲಾಸಿನ ಹುಡುಗಿ ಸರ್ವ್ ಮಾಡುತ್ತಾಳೆ, ಬಾಲು ನೆಟ್ಟಿಗೆ ಬಡಿಯುತ್ತದೆ. ಬಾಲು ನೆಲದ ಮೇಲೆ ಉರುಳಿ ನಿಲ್ಲುವ ಮೊದಲೇ ಅವಳ ಕಣ್ಣು ಬೆಂಚಿನ ಕಡೆ ತಿರುಗಿರುತ್ತದೆ. ಅಲ್ಲಿ ಕೋಚ್ ಹಣೆ ಚಚ್ಚಿಕೊಳ್ಳುತ್ತಿದ್ದರೆ ಅವಳು ಮುಂದಿನ ಸರ್ವ್ ಅನ್ನು ಹೊಡೆಯುವುದಿಲ್ಲ, ಸುಮ್ನೆ ಮೇಲಕ್ಕೆ ತಳ್ಳುತ್ತಾಳೆ. ಎದುರು ತಂಡಕ್ಕೆ ಅದು ಹಬ್ಬ. ಅದೇ ಹೊತ್ತಿಗೆ ಕೋಚ್ ಅಂಗೈಯನ್ನು ಕೆಳಮುಖ ಮಾಡಿ ‘ಪರವಾಗಿಲ್ಲ, ಈಗ ರಿಸೀವ್ ನೋಡು’ ಅಂತ ಸನ್ನೆ ಮಾಡಿದರೆ ಅವಳ ಕಣ್ಣು ಬಾಲಿಗೆ ವಾಪಸ್ ಬರುತ್ತದೆ. ಕೋಚ್‌ಗೆ ಒಳಗೊಳಗೇ ಎದೆ ಹೊಡೆದುಕೊಳ್ಳುತ್ತಿರಬಹುದು. ಅದು ಅವಳಿಗೆ ಬೇಕಿಲ್ಲ.

ಬೇಜಾರಿನ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ನಮ್ಮವರೇ ಇಬ್ಬರು ಇದರಲ್ಲಿ ಎದುರುಬದುರಾದದ್ದು ನೆನಪಿರಬಹುದು. 2024ರ ಆಗಸ್ಟ್ 5ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಬ್ಯಾಡ್ಮಿಂಟನ್ ಕಂಚಿನ ಪದಕದ ಪಂದ್ಯದಲ್ಲಿ ಲಕ್ಷ್ಯ ಸೇನ್ ಮಲೇಷ್ಯಾದ ಲೀ ಝೀ ಜಿಯಾ ವಿರುದ್ಧ ಮೊದಲ ಗೇಮ್ ಗೆದ್ದು, ಮುಂದಿನ ಎರಡನ್ನು ಸೋತರು. ಮಾರ್ಗದರ್ಶಕರಾಗಿ ಅವರ ಜೊತೆಗಿದ್ದ ಪ್ರಕಾಶ್ ಪಡುಕೋಣೆ ಪತ್ರಕರ್ತರ ಮುಂದೆ ನಿರಾಸೆ ಮುಚ್ಚಿಡಲಿಲ್ಲ. ಸರ್ಕಾರ, ಫೆಡರೇಷನ್ ಎಲ್ಲಾ ಸೌಲಭ್ಯ ಕೊಟ್ಟಿವೆ, ಇನ್ನು ಆಟಗಾರರೇ ಜವಾಬ್ದಾರಿ ಹೊರಬೇಕು ಎಂದರು. ಅದಕ್ಕೆ ಬ್ಯಾಡ್ಮಿಂಟನ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಬಹಿರಂಗವಾಗಿಯೇ ಉತ್ತರ ಕೊಟ್ಟರು. ಗೆದ್ದಾಗ ಹೆಸರು ಹಂಚಿಕೊಳ್ಳಲು ಎಲ್ಲರೂ ಬರುತ್ತಾರೆ, ಸೋತಾಗ ಆಟಗಾರನೊಬ್ಬನೇ ಯಾಕೆ ಹೊರಬೇಕು, ಕೋಚ್‌ಗಳಿಗೂ ಜವಾಬ್ದಾರಿ ಇಲ್ಲವೇ ಎಂಬುದು ಅವರ ಮಾತಿನ ಸಾರ.

1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದು ಬಂದ ಪ್ರಕಾಶ್ ಮೇಲೆ ನನಗೆ ಅಪಾರ ಗೌರವ ಇದೆ. ಸಾಮಾನ್ಯವಾಗಿ ಮಿತವಾಗಿ ಮಾತಾಡುವ ಮನುಷ್ಯ ಅವರು. ಅವರ ಮಾತಿನಲ್ಲಿ ನಿಜವೂ ಇತ್ತು. ಆದರೂ ಈ ವಿಷಯದಲ್ಲಿ ನಾನು ಅಶ್ವಿನಿ ಪರ. ಪದಕ ಕೈತಪ್ಪಿ ಇನ್ನೂ ಬೆವರು ಆರದ ಹುಡುಗನ ಬಗ್ಗೆ ಕೋಚ್‌ನ ಬೇಜಾರು ಮೊದಲು ಕೇಳಬೇಕಾದವನು ಆ ಹುಡುಗ. ಅದೂ ಕೋಣೆಯೊಳಗೆ, ಒಂದು ರಾತ್ರಿ ಕಳೆದ ಮೇಲೆ. ‘ನನಗೂ ತುಂಬಾ ಬೇಜಾರಾಗಿದೆ’ ಅಂತ ಆಟಗಾರನ ಪಕ್ಕ ಕೂತು ಹೇಳುವ ಕೋಚ್ ಜೊತೆಗಾರ ಆಗುತ್ತಾನೆ. ಅದೇ ಮಾತನ್ನು ಕ್ಯಾಮೆರಾಗೆ ಹೇಳಿದರೆ ಆಟಗಾರನಿಗೆ ಅದು ದೂರಿನ ಹಾಗೆ ಕೇಳಿಸುತ್ತದೆ.

ಸೋತ ಮೇಲೆ ಕೋಚ್ ಅಳಬಹುದಾ ಅಂತ ಕೆಲವರು ಕೇಳುತ್ತಾರೆ. ಅಳಬಹುದು. ಮಕ್ಕಳು ಸಮಾಧಾನ ಮಾಡಲು ಬರುವಷ್ಟು ಅಳಬಾರದು.

ನಿಮ್ಮ ಆಟ ಯಾವುದು?

ಯಾವ ದಾರಿ ಎಂಬುದು ಆಟದ ಮೇಲೂ ನಿಂತಿದೆ. ಬ್ಯಾಡ್ಮಿಂಟನ್‌ನಲ್ಲಿ ಕೋಚ್ ಅಂಗಳದ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಬೆವರು ಒರೆಸಿಕೊಳ್ಳಲು ಬಂದಾಗಲೆಲ್ಲಾ ಆಟಗಾರ ಆ ಮುಖ ನೋಡುತ್ತಾನೆ. 11 ಪಾಯಿಂಟ್ ಆದಾಗ 60 ಸೆಕೆಂಡು, ಗೇಮ್ ಮುಗಿದಾಗ 120 ಸೆಕೆಂಡು ಮಾತಿಗೆ ಸಿಗುತ್ತದೆ. ಇಷ್ಟು ಹತ್ತಿರ ಇರುವ ಮುಖ ಸಮಾಧಾನವಾಗಿರಬೇಕು. ಒಂಟಿಯಾಗಿ ಆಡುವವನಿಗೆ ಬೆನ್ನಿಗೆ ಬೇರೆ ಯಾರೂ ಇರುವುದಿಲ್ಲ.

ವಾಲಿಬಾಲ್‌ನಲ್ಲಿ ಸೆಟ್ಟಿಗೆ ಎರಡು ಟೈಮ್‌ಔಟ್, ತಲಾ 30 ಸೆಕೆಂಡು. ಮಕ್ಕಳು ಬಂದು, ನೀರು ಕುಡಿದು, ಉಸಿರು ತಗೊಳ್ಳುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಉಳಿದದ್ದರಲ್ಲಿ ಸಿಟ್ಟು ಹಾಕಿದರೆ ಪಾಠಕ್ಕೆ ಜಾಗ ಇಲ್ಲ. ಒಂದೇ ಮಾತು ಹೇಳಬೇಕು: ‘ಐದನೇ ನಂಬರ್ ಕಾರ್ನರ್‌ಗೆ (ಎದುರು ತಂಡದ ಹಿಂದಿನ ಎಡ ಮೂಲೆಗೆ) ಸರ್ವ್ ಮಾಡಿ’. ಇನ್ನೊಂದು ಲೆಕ್ಕವೂ ಇದೆ. ಕೋಚ್ ಅಂಪೈರ್ ಮೇಲೆ ರೇಗಿ ಕೆಂಪು ಕಾರ್ಡ್ ತಗೊಂಡರೆ ಎದುರು ತಂಡಕ್ಕೆ ಒಂದು ಪಾಯಿಂಟ್, ಜೊತೆಗೆ ಸರ್ವ್. ಮಕ್ಕಳು ಓಡಿ ಬಿದ್ದು ಗಳಿಸಿದ್ದನ್ನು ಮೇಷ್ಟ್ರು ಬಾಯಿಂದ ಕಳೆದ ಹಾಗೆ. ಫುಟ್‌ಬಾಲ್‌ನಲ್ಲೂ 2019ರಿಂದ ನಿಯಮದ ಪ್ರಕಾರ ಕೋಚ್‌ಗೇ ಹಳದಿ, ಕೆಂಪು ಕಾರ್ಡ್ ತೋರಿಸಬಹುದು.

ಕ್ರಿಕೆಟ್‌ನಲ್ಲಿ ಕೋಚ್ ದೂರದಲ್ಲಿರುತ್ತಾರೆ, ಅವರ ಮುಖ ಬ್ಯಾಟರ್‌ಗಿಂತ ಜಾಸ್ತಿ ಕ್ಯಾಮೆರಾಗೆ ಕಾಣುತ್ತದೆ. ಪೆವಿಲಿಯನ್‌ಗೆ ವಾಪಸ್ ಬರುವ ಹುಡುಗ ಮೆಟ್ಟಿಲು ಹತ್ತುವಾಗ ಸಿಗುವ ಮುಖ ಮುಖ್ಯ. ಓಟದಲ್ಲಿ ಕಾಲ್ ರೂಮ್ (ಸ್ಪರ್ಧೆಗೆ ಮೊದಲು ಓಟಗಾರರನ್ನು ಕರೆದು ಕೂರಿಸುವ ಕೋಣೆ) ಒಳಗೆ ಹೋದ ಮೇಲೆ ಕೋಚ್ ಜೊತೆಗಿರುವುದಿಲ್ಲ, ಹಾಗಾಗಿ ವಾರ್ಮ್‌ಅಪ್ ಹೊತ್ತಿನ ಮುಖವನ್ನೇ ಓಟಗಾರ ಒಳಗೆ ಕೊಂಡೊಯ್ಯುತ್ತಾನೆ.

ವಯಸ್ಸು ಎಷ್ಟು?

12 ವರ್ಷದ ಒಳಗಿನ ಮಕ್ಕಳಿಗೆ ನನ್ನ ಸಲಹೆಯಲ್ಲಿ ಎರಡು ಮಾತಿಲ್ಲ: ಖುಷಿ ಧಾರಾಳ, ಪಾಠ ಧಾರಾಳ, ಸಿಟ್ಟು ಬೇಡ. ಅಮೆರಿಕದ ಸಿಯಾಟಲ್‌ನಲ್ಲಿ ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮಾಲ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಕೆಲವೇ ಗಂಟೆಗಳ ತರಬೇತಿ ಕೊಟ್ಟರು. ಒಳ್ಳೆಯದನ್ನು ಕಂಡಾಗ ಹೇಳಿ, ತಪ್ಪಾದಾಗ ಧೈರ್ಯ ತುಂಬಿ ತಿದ್ದಿ, ಬೈದು ಶಿಕ್ಷಿಸಬೇಡಿ ಎನ್ನುವುದೇ ಅದರ ತಿರುಳು. 1992ರಲ್ಲಿ ಬಂದ ವರದಿಯ ಪ್ರಕಾರ, ತರಬೇತಿ ಪಡೆದ ಕೋಚ್‌ಗಳ ಕೈಕೆಳಗೆ ಆಡಿದ ಮಕ್ಕಳಲ್ಲಿ ಮುಂದಿನ ವರ್ಷ ಆಟ ಬಿಟ್ಟವರು ಶೇ. 5. ಬೇರೆ ಕೋಚ್‌ಗಳ ಮಕ್ಕಳಲ್ಲಿ ಶೇ. 26. ಗೆದ್ದ ಪಂದ್ಯಗಳಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಈ ಎರಡು ಅಂಕಿಗಳನ್ನು ಪ್ರತಿ ದೈಹಿಕ ಶಿಕ್ಷಕರ ಕೋಣೆಯಲ್ಲಿ ಬರೆದು ಹಾಕಬೇಕು ಅಂತ ನನಗೆ ಅನ್ನಿಸುತ್ತದೆ.

ಹೈಸ್ಕೂಲಿನ ಮಕ್ಕಳಿಗೆ ಸಿಟ್ಟು ಅಪರೂಪಕ್ಕೆ ನಡೆಯುತ್ತದೆ. ಅದು ಸೋಮಾರಿತನದ ಮೇಲೆ ಇರಬೇಕು, ಕೈಲಾಗದ್ದರ ಮೇಲೆ ಅಲ್ಲ. ‘ಇವತ್ತು ನೀನು ಓಡಲಿಲ್ಲ’ ಎನ್ನುವುದು ಸಿಟ್ಟು. ‘ನಿನ್ನ ಕೈಲಿ ಆಗಲ್ಲ ಬಿಡು’ ಎನ್ನುವುದು ಅವಮಾನ. ಮೊದಲನೆಯದನ್ನು ಕೇಳಿದ ಹುಡುಗ ನಾಳೆ ಓಡಬಹುದು. ಎರಡನೆಯದನ್ನು ಕೇಳಿದವನು ಏನು ಮಾಡಬೇಕು ಹೇಳಿ? ಇನ್ನು ಕೈ ಎತ್ತುವುದು, ಜಾತಿ, ಬಣ್ಣ, ದಪ್ಪ, ಕುಳ್ಳ ಅಂತ ಹಂಗಿಸುವುದನ್ನು ನಾನು ಭಾವನೆಯ ಪಟ್ಟಿಗೇ ಸೇರಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಶಾಲೆಯ ಮೈದಾನವೂ ಶಾಲೆಯೇ.

ದೊಡ್ಡವರ ತಂಡದಲ್ಲಿ ಕೋಚ್ ಹೇಗಿರಬೇಕು ಎಂಬುದನ್ನು ಕೋಚ್ ಒಬ್ಬರೇ ತೀರ್ಮಾನಿಸಲಾಗುವುದಿಲ್ಲ. 2017ರ ಜೂನ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ಮುಗಿದ ಬೆನ್ನಿಗೇ ಅನಿಲ್ ಕುಂಬ್ಳೆ ಭಾರತ ತಂಡದ ಕೋಚ್ ಹುದ್ದೆ ಬಿಟ್ಟರು. ತಮ್ಮ ‘ಶೈಲಿ’ಯ ಬಗ್ಗೆ ನಾಯಕನಿಗೆ ಅಸಮಾಧಾನ ಇದೆ ಎಂದು ಮಂಡಳಿ ತಿಳಿಸಿತು ಎಂದು ಅವರೇ ಬರೆದರು. ಆಟಗಾರರ ಎದುರು ಕನ್ನಡಿ ಹಿಡಿಯುವುದು ಕೋಚ್ ಕೆಲಸ ಎಂಬುದು ಅವರ ನಂಬಿಕೆ, ಆ ಪತ್ರದಲ್ಲೂ ಅದನ್ನು ಹೇಳಿದ್ದರು. ಶಿಸ್ತಿನ ಮನುಷ್ಯ, ಗೆಲುವುಗಳೂ ಇದ್ದವು. ದೊಡ್ಡವರ ತಂಡಕ್ಕೆ ಕೋಚ್ ಆಗುವವರು ಮೊದಲ ವಾರವೇ ನಾಯಕನ ಜೊತೆ ಕೂತು ಕೇಳುವುದು ಒಳ್ಳೆಯದು: ನಾನು ಹೀಗೆ ಮಾತಾಡುವವನು, ನಿಮ್ಮವರಿಗೆ ಹೇಗೆ ಹೇಳಿದರೆ ಒಳಗೆ ಇಳಿಯುತ್ತದೆ?

ಅಪ್ಪ ಅಮ್ಮ ಅಕಾಡೆಮಿ ನೋಡಲು ಹೋದಾಗ

ಫೀಸು, ಕೋರ್ಟು, ಕಪ್ಪುಗಳ ಕಪಾಟು ನೋಡಿ ಬರಬೇಡಿ. ಒಂದು ಪೂರ್ತಿ ಪ್ರಾಕ್ಟೀಸ್ ದೂರದಲ್ಲಿ ಕೂತು ನೋಡಿ. ಟ್ರಯಲ್ಸ್ ದಿನ ಬೇಡ, ಆ ದಿನ ಎಲ್ಲರೂ ಒಳ್ಳೆಯವರೇ. ಒಂದು ಮಾಮೂಲಿ ಮಂಗಳವಾರ ಹೋಗಿ.

ಕೋಚ್ ಎಷ್ಟು ಜೋರಾಗಿ ಕೂಗುತ್ತಾರೆ ಎನ್ನುವುದನ್ನು ಬಿಡಿ, ದೊಡ್ಡ ಮೈದಾನದಲ್ಲಿ ಕೂಗದೆ ಕೇಳಿಸುವುದಿಲ್ಲ. ಕೂಗಿನ ಒಳಗೆ ಏನಿದೆ ಕೇಳಿ. ಮೊಣಕಾಲು, ಮಣಿಕಟ್ಟು, ಕಾಲಿನ ಜಾಗ ಇದ್ದರೆ ಒಳ್ಳೆಯದು. ಬರೀ ‘ಏನ್ ಮಾಡ್ತಿದೀಯಾ, ತಲೆ ಇಲ್ವಾ’ ಇದ್ದರೆ ಎದ್ದು ಬನ್ನಿ. ಬೈಸಿಕೊಂಡ ಮಗು ಮುಂದಿನ ಐದು ನಿಮಿಷ ಏನು ಮಾಡುತ್ತದೆ ನೋಡಿ. ಕೋಚ್ ಅದರ ಹತ್ತಿರ ಮತ್ತೆ ಹೋಗುತ್ತಾರಾ? ಚೆನ್ನಾಗಿ ಆಡುವ ಹುಡುಗನ ತಪ್ಪಿಗೂ ಸಾಧಾರಣ ಹುಡುಗನ ತಪ್ಪಿಗೂ ಒಂದೇ ದನಿ ಇದೆಯಾ? ತಪ್ಪು ಮಾಡಿದ ಮೇಲೆ ಮಕ್ಕಳು ಬಾಲನ್ನು ನೋಡುತ್ತಾರಾ, ಕೋಚ್ ಮುಖವನ್ನಾ? ಎಲ್ಲರೂ ಮುಖವನ್ನೇ ನೋಡುತ್ತಿದ್ದರೆ ಅಲ್ಲಿ ಕಲಿಕೆಗಿಂತ ಹೆದರಿಕೆ ಜಾಸ್ತಿ.

ಮಗುವಿನ ಸ್ವಭಾವವೂ ಲೆಕ್ಕಕ್ಕೆ ಬರಬೇಕು. ಅಂಜುಬುರುಕ ಮಗುವನ್ನು ‘ಗಟ್ಟಿ ಆಗಲಿ’ ಅಂತ ಸಿಡುಕಿನ ಕೋಚ್ ಹತ್ತಿರ ಬಿಡುವವರಿದ್ದಾರೆ. ನಾನು ನೋಡಿದ ಮಟ್ಟಿಗೆ ಅಂಥ ಮಕ್ಕಳು ಗಟ್ಟಿಯಾಗುವುದಿಲ್ಲ, ಬಚ್ಚಿಟ್ಟುಕೊಳ್ಳುವುದನ್ನು ಕಲಿಯುತ್ತಾರೆ. ಕಾಲು ನೋವಿದ್ದರೂ ಹೇಳುವುದಿಲ್ಲ. ಗಾಯ ದೊಡ್ಡದಾಗುವುದು ಹಾಗೆಯೇ.

ಕೋಚ್ ನೀವೇ ಆಗಿದ್ದರೆ

ಸ್ವಭಾವ ಬದಲಿಸಲು ಹೋಗಬೇಡಿ. ಮಾತು ಕಡಿಮೆ ಇರುವವರು ವಾರಕ್ಕೊಮ್ಮೆಯಾದರೂ ಪ್ರತಿ ಮಗುವಿಗೂ ಬಾಯಿಬಿಟ್ಟು ಒಂದು ಒಳ್ಳೆಯ ಮಾತು ಹೇಳಿ. ನಿಮ್ಮ ಮುಖ ಹೇಳದ್ದನ್ನು ಬಾಯಿ ಹೇಳಲಿ. ಬೇಗ ರೇಗುವವರು ಪಂದ್ಯದ ದಿನ ಕೈಯಲ್ಲಿ ಏನಾದರೂ ಹಿಡಿದುಕೊಳ್ಳಿ. ವುಡನ್ ಕೈಯಲ್ಲಿ ಸುರುಳಿ ಸುತ್ತಿದ ಕಾಗದ ಇರುತ್ತಿತ್ತು. ನಾನು ಸ್ಕೋರ್ ಬರೆಯುವ ಪುಸ್ತಕ ಇಟ್ಟುಕೊಳ್ಳುತ್ತೇನೆ. ಸರ್ವ್ ತಪ್ಪಿದಾಗ ಮೊದಲು ಅದನ್ನು ಬರೆಯುತ್ತೇನೆ. ಬರೆದು ತಲೆ ಎತ್ತುವಷ್ಟರಲ್ಲಿ ಮುಖ ಸರಿಯಾಗಿರುತ್ತದೆ.

ಪಂದ್ಯ ಮುಗಿದ ತಕ್ಷಣ ಸೋಲಿನ ವಿಮರ್ಶೆ ಬೇಡ. ಬಸ್ಸು ಹತ್ತಿಸಿ, ಊಟ ಮಾಡಿಸಿ, ಮನೆಗೆ ಕಳಿಸಿ. ಮರುದಿನದ ಪ್ರಾಕ್ಟೀಸ್‌ನಲ್ಲಿ ಮಾತಾಡಿ.

ಸಹಾಯಕ್ಕೆ ಇನ್ನೊಬ್ಬರನ್ನು ಇಟ್ಟುಕೊಳ್ಳುವ ಅವಕಾಶ ಇದ್ದರೆ ನಿಮ್ಮ ಥರದವರನ್ನೇ ಆರಿಸಬೇಡಿ. ನೀವು ರೇಗುವವರಾದರೆ ಸಮಾಧಾನದ ಮೇಡಂ ಒಬ್ಬರು ಪಕ್ಕದಲ್ಲಿರಲಿ. ನೀವು ಮೌನಿಯಾದರೆ ಮಕ್ಕಳ ಜೊತೆ ಕುಣಿಯುವ ಹಳೆಯ ವಿದ್ಯಾರ್ಥಿಯನ್ನು ಕರೆದುಕೊಳ್ಳಿ. ಆದರೆ ಒಂದು ಮಾತು ಮೊದಲೇ ಆಗಿರಲಿ: ಟೈಮ್‌ಔಟ್‌ನಲ್ಲಿ ಮಾತಾಡುವವರು ಒಬ್ಬರೇ. ಅಷ್ಟು ಕಡಿಮೆ ಹೊತ್ತಿನಲ್ಲಿ ಇಬ್ಬರು ಎರಡು ಥರ ಹೇಳಿದರೆ ಮಕ್ಕಳು ಯಾರ ಮುಖ ನೋಡಬೇಕು?